ಹೊಸ್ತಿಲ ಆಚೆಯ ಹ್ಞೂ

"ಕಣ್ಣು ಮುಚ್ಚಿ. ಮುಟ್ಟಿದ್ದು ಗೊತ್ತಾದರೆ ಹ್ಞೂ ಅನ್ನಿ."

ಹನ್ನೊಂದು ವರ್ಷ ಊರೂರು ತಿರುಗಿ ನಾನು ಹೇಳಿದ್ದು ಇಷ್ಟೇ ಮಾತು. ಕೈಚೀಲದಲ್ಲಿ ಒಂದಿಷ್ಟು ಹತ್ತಿ, ಒಂದು ರಿಜಿಸ್ಟರು, ಮಾತ್ರೆಯ ಪಟ್ಟಿಗಳು. ಯಾರ ಮೈಮೇಲಾದರೂ ತಿಳಿ ಬಣ್ಣದ ಮಚ್ಚೆ ಕಂಡರೆ ಹತ್ತಿಯ ತುದಿಯನ್ನು ಹೊಸೆದು, ದಾರದ ಎಳೆಯಷ್ಟು ಸಣ್ಣ ಮಾಡಿ, ಮಚ್ಚೆಗೆ ತಾಕಿಸಬೇಕು. ಗೊತ್ತಾದರೆ ಅದು ಬರೀ ಮಚ್ಚೆ. ಗೊತ್ತಾಗದಿದ್ದರೆ ಕುಷ್ಠ. ಬೇಗ ಸಿಕ್ಕರೆ ಆರು ತಿಂಗಳು ಮಾತ್ರೆ ನುಂಗಿ ಎದ್ದು ಹೋಗಬಹುದು. ತಡವಾದರೆ ನರ ಸಾಯುತ್ತದೆ, ಬೆರಳು ಒಳಗೆ ಮಡಚಿಕೊಳ್ಳುತ್ತದೆ. ಹಾಗೆ ಮಡಚಿದ ಬೆರಳನ್ನು ಬಿಡಿಸುವ ಮಾತ್ರೆ ಯಾವ ಪಟ್ಟಿಯಲ್ಲೂ ಇಲ್ಲ.

ಸಂಸ್ಥೆಯ ಕೆಲಸ, ಸರ್ಕಾರದ್ದಲ್ಲ. ಗುಂಡ್ಲುಪೇಟೆ ಸುತ್ತಿನ ಇಪ್ಪತ್ತಾರು ಊರು ನನ್ನ ಪಾಲಿಗೆ. ನನ್ನ ಹೆಸರು ರಾಚಮ್ಮ. ಈ ಸೀಮೆಯಲ್ಲಿ ಹೆಸರು ಹೇಳಿದರೆ ಸಾಕು, ಯಾವ ಬೀದಿಯವಳು ಎಂದು ಯಾರೂ ಮತ್ತೆ ಕೇಳುವುದಿಲ್ಲ. ಕೇಳದೆಯೇ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ.

ತೊಂಬತ್ತಾರರಲ್ಲಿ ನಾನೊಂದು ತಪ್ಪು ಮಾಡಿದೆ. ಕುದೇರಿನ ಹುಡುಗಿಯೊಬ್ಬಳ ಬೆನ್ನಿನ ಮಚ್ಚೆಗೆ ಹತ್ತಿ ತಾಕಿಸಿದಾಗ ಅವಳು ಮೂರು ಸಲ ಸುಮ್ಮನಿದ್ದಳು. 'ಅನುಮಾನ' ಎಂದು ಬರೆದೆ. ಚಾಮರಾಜನಗರದ ಡಾಕ್ಟರು ನೋಡಿ, ಇದು ಹುಟ್ಟು ಮಚ್ಚೆ, ಹುಡುಗಿ ನಾಚಿಕೆಗೆ ಬಾಯಿ ಬಿಟ್ಟಿಲ್ಲ ಅಷ್ಟೇ ಎಂದರು. ಅಷ್ಟರಲ್ಲಿ ಸುದ್ದಿ ಬೀಗರ ಊರು ತಲುಪಿ ಮದುವೆ ಮುರಿದಿತ್ತು. ಆ ಹುಡುಗಿಯ ಅಣ್ಣಂದಿರು ಆಫೀಸಿಗೆ ಬಂದು ನನ್ನ ರಿಜಿಸ್ಟರನ್ನು ಎತ್ತಿ ಎಸೆದರು. ನಮ್ಮ ಸೂಪರ್‌ವೈಸರ್ ಮಹದೇವಯ್ಯನವರು ಹಾಳೆಗಳನ್ನು ಆರಿಸಿ ಕೊಡುತ್ತಾ, "ಇಲ್ದಿರೋ ರೋಗನ ಬರ್ದು ಊರ್ನೆಲ್ಲ ಎದರಿಸ್ಬೇಡ ಕಣವ್ವ. ಗಟ್ಟಿಯಾಗಿ ಕಂಡ್ರೆ ಬರಿ, ಇಲ್ದಿದ್ರೆ ಬುಟ್ಬುಡು" ಎಂದರು.

ಅಂದಿನಿಂದ ನನ್ನ ಕೈ ಸ್ವಲ್ಪ ಹಿಂಜರಿಯಿತು. ಮೊದಲು ಎರಡು-ಮೂರು ಸಲ ಸುಮ್ಮನಿದ್ದರೆ 'ಅನುಮಾನ' ಎನ್ನುತ್ತಿದ್ದವಳು, ಈಗ ಐದು ಸಲ ಕಾಯತೊಡಗಿದೆ.

ಅದೇ ಡಿಸೆಂಬರಿನಲ್ಲಿ ಚಾಮರಾಜನಗರದಲ್ಲಿ ಎರಡು ದಿನದ ತರಬೇತಿ ಇತ್ತು. ಮೈಸೂರಿನಿಂದ ಬಂದ ಮೇಷ್ಟರೊಬ್ಬರು, ಮನಶ್ಶಾಸ್ತ್ರ ಹೇಳಿಕೊಡುವವರಂತೆ, ಬೋರ್ಡಿನ ಮೇಲೆ ನಾಲ್ಕು ಮನೆ ಎಳೆದರು. ಹುಡುಗಿಯರು ಕುಂಟೆಬಿಲ್ಲೆ ಆಡಲು ಎಳೆಯುವಂಥವು. ಮೊದಲ ಮನೆ: ಮುಟ್ಟಿದೆ, ಹ್ಞೂ ಎಂದರು. ಎರಡನೆಯದು: ಮುಟ್ಟಿದೆ, ಸುಮ್ಮನಿದ್ದರು. ಮೂರನೆಯದು: ಮುಟ್ಟಲಿಲ್ಲ, ಸುಮ್ಮನಿದ್ದರು. ನಾಲ್ಕನೆಯದು: ಮುಟ್ಟಲೇ ಇಲ್ಲ, ಆದರೂ ಹ್ಞೂ ಎಂದರು.

"ನೀವೆಲ್ಲ ಮೊದಲ ಎರಡು ಮನೆ ಮಾತ್ರ ನೋಡ್ತೀರಿ" ಎಂದರು ಮೇಷ್ಟರು. "ಮನುಷ್ಯನಿಗೆ ತಾಕುವುದು ಬೇರೆ, ತಾಕಿತು ಅಂತ ಅವನು ತೀರ್ಮಾನ ಮಾಡುವುದು ಬೇರೆ. ನಡುವೆ ಒಂದು ಗೆರೆ ಇದೆ. ಭಯ ಇದ್ದರೆ, ಆಸೆ ಇದ್ದರೆ ಆ ಗೆರೆ ಜಾರುತ್ತದೆ. ರೋಗ ಇಲ್ಲ ಅಂತ ಅನ್ನಿಸಿಕೊಳ್ಳಬೇಕು ಅನ್ನುವವನು ಗಾಳಿ ಬೀಸಿದರೂ ಹ್ಞೂ ಅಂತಾನೆ. ಅದಕ್ಕೇ ನಡುನಡುವೆ ಮುಟ್ಟದೆ ಇರಿ. ಮುಟ್ಟದಾಗಲೂ ಹ್ಞೂ ಬಂದರೆ, ಅವನ ಬೇರೆ ಹ್ಞೂಗಳಿಗೂ ಬೆಲೆ ಇಲ್ಲ."

"ಮುಟ್ಟೋರ್ಗೂ ಆ ಗೆರೆ ಇರ್ತದಾ ಸಾರ್?" ಎಂದು ಕೇಳಿದೆ. ಎಲ್ಲರೂ ನಕ್ಕರು. ಮೇಷ್ಟರು ನಗಲಿಲ್ಲ. "ಇರುತ್ತದೆ. ನಿಮ್ಮದೇ ಮೊದಲು ಜಾರುವುದು" ಎಂದರು. ಊಟಕ್ಕೆ ಏಳುವಾಗ ಇನ್ನೊಂದು ಮಾತು ಸೇರಿಸಿದರು: "ಒಂದೂ ತಪ್ಪಿಲ್ಲದೆ ಉತ್ತರ ಬಂದರೆ ಖುಷಿ ಪಡಬೇಡಿ. ಆರೋಗ್ಯವಂತರೂ ಒಂದೆರಡು ತಪ್ಪುತ್ತಾರೆ." ಅಷ್ಟು ಹೊತ್ತಿಗೆ ಬೆಂಚುಗಳು ಸರಿಯುತ್ತಿದ್ದವು, ಅನ್ನ-ಸಾರಿನ ವಾಸನೆ ಬಂದಿತ್ತು. ಆ ಮಾತನ್ನು ನಾನು ಬರೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಬರುತ್ತಾ ಆ ನಾಲ್ಕು ಮನೆಗಳಲ್ಲಿ ನಮ್ಮ ಊರುಗಳನ್ನೇ ಇಟ್ಟು ನೋಡಿದೆ. ನಮ್ಮ ಕೇರಿ ಎರಡನೆಯ ಮನೆ. ಇದೆ, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕನೆಯ ಮನೆ ಮೈಲಿಗೆ. ಇಲ್ಲವೇ ಇಲ್ಲ. ಆದರೂ ನಾನು ಜಗಲಿ ಹತ್ತಿದೊಡನೆ ಇಡೀ ಮೇಲಿನ ಬೀದಿಗೆ ತಾಕುತ್ತದೆ. ಸಾವಿರ ವರ್ಷದಿಂದ ಗಾಳಿಗೆ ಹ್ಞೂ ಎನ್ನುತ್ತಿರುವ ಜನ. ಇವರ ಮೈಗೆ ಯಾವ ಡಾಕ್ಟರು ಹತ್ತಿ ಇಟ್ಟು ನೋಡಿದ್ದಾರೆ?

ಶಿವರಂಜಿನಿ ಸಿಕ್ಕಿದ್ದು ಮುಂದಿನ ತಿಂಗಳು, ತೊಂಬತ್ತೇಳರ ಸಂಕ್ರಾಂತಿ ಕಳೆದ ವಾರ. ತೆರಕಣಾಂಬಿಯಿಂದ ಮೂರು ಮೈಲಿ ಆಚೆಯ ಊರು. ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದೇ ಊರು ಹಾಗೆ ಎಂದುಕೊಂಡು ನೀವು ನಿದ್ದೆ ಮಾಡುತ್ತೀರಿ. ಚೆಂಡು ಹೂವಿನ ಹೊಲದ ಬದುವಿನಲ್ಲಿ ಅವಳೇ ನನ್ನನ್ನು ನಿಲ್ಲಿಸಿದಳು. ಹದಿನೆಂಟರ ಹುಡುಗಿ. ಗುಂಡ್ಲುಪೇಟೆಯಲ್ಲಿ ಹೊಲಿಗೆ ಕಲಿಯುತ್ತಿದ್ದಳು. ಹಾಕಿಕೊಂಡ ರವಿಕೆಯ ಕತ್ತಿಗೆ ತಾನೇ ಮಾಡಿದ ಕಸೂತಿ ಇತ್ತು.

"ಅಕ್ಕ, ಇದೇನೂಂತ ವಸಿ ನೋಡಿ" ಎಂದು ಬಲಗೈ ತಿರುಗಿಸಿ ತೋರಿಸಿದಳು. ಮೊಣಕೈ ಮೇಲೆ, ಹಿಂಭಾಗದಲ್ಲಿ, ಎಂಟಾಣೆ ಅಗಲದ ಮಚ್ಚೆ.

ಮೊಣಕೈ ಹಿಂದೆಯೇ ಕಿರುಬೆರಳಿಗೆ ಹೋಗುವ ನರ ಇರುವುದು. ನಾನು ಹತ್ತಿ ತೆಗೆದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಇಲ್ಲಿ ಬ್ಯಾಡ ಅಕ್ಕ. ಯಾರಾರ ನೋಡಿದ್ರೆ... ನೀವು ಮುಟ್ಟಿದ್ದು ನೋಡಿದ್ರೆ ಅವ್ವ ಮತ್ತೆ ನೀರು ಉಯ್ಕೊಳ್ಳೋವರ್ಗೂ ಒಳೀಕ್ ಸೇರಿಸಲ್ಲ. ಮನೇತಕೇ ಬನ್ನಿ." ಅವಳ ಮುಖ ಕೆಂಪಾಗಿತ್ತು. ಹೇಳಲು ನಾಚಿಕೆಯಾಯಿತು, ಆದರೆ ಹೇಳಿದಳು. ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಮನೆಗೆ ಹೋದೆ. ಅಪ್ಪ ಮಲ್ಲಿಕಾರ್ಜುನಸ್ವಾಮಿ ಜಗಲಿಯ ಕುರ್ಚಿಯಲ್ಲಿದ್ದರು. ಇಂಥವರನ್ನು ನಮ್ಮಪ್ಪ ಕೈಮುಗಿದು 'ಬುದ್ಧಿ' ಎನ್ನುತ್ತಿದ್ದ. ನಾನು 'ಸಾರ್' ಎಂದೆ. ಅವರಿಗೆ ಅದು ಹಿಡಿಸಲಿಲ್ಲ. ಆದರೂ ವಿಷಯ ಕೇಳಿದರು. ಕುಷ್ಠ ಎಂಬ ಮಾತು ಬಂದೊಡನೆ ಬಾಗಿಲ ಒಳಗಿನಿಂದ ತಾಯಿ ಚಿಕ್ಕಬಸಮ್ಮ, "ಥೂ, ಬುಡ್ತು ಅನ್ನು! ಮಗ್ಳ ಮದ್ವೆ ಮಾತು ನಡೀತಾ ಅದೆ" ಎಂದು ಕೂಗಿದರು.

"ಒಂದ್ ಸಲ ನೋಡ್ಬುಡ್ತೀನಿ ಕಣವ್ವಾ. ಇಲ್ಲ ಅಂದ್ರೆ ನಿಮ್ಗೂ ನೆಮ್ಮದಿ."

"ನೋಡಾದೇನೋ ಸರಿ. ನೀನು ಒಳೀಕ್ ಬಂದು ಮುಟ್ಟಂಗಿಲ್ವಲ್ಲಮ್ಮಿ."

ಯಾವ ಕೋಪವೂ ಇಲ್ಲದೆ ಅಂದರು, ಕೊಡದಲ್ಲಿ ನೀರಿಲ್ಲ ಎನ್ನುವ ಹಾಗೆ. ಹೊರಗೆ ಕರೆತರಲು ಅಪ್ಪ ಒಪ್ಪಲಿಲ್ಲ, ಬೀದಿಯ ಕಣ್ಣು. ಕೊನೆಗೆ ತಾಯಿಯೇ ದಾರಿ ಹೇಳಿದರು. "ನೀನು ಅಲ್ಲೇ ನಿಂತ್ಕೊಂಡು ಎಂಗೇಂತ ಹೇಳು. ನಾನೇ ಮುಟ್ತೀನಿ."

ಅಲ್ಲಿಂದ ಎದ್ದು ಬರಬೇಕಿತ್ತು. ಆದರೆ ಕುದೇರಿನ ರಿಜಿಸ್ಟರು ಹಾರಿದ್ದು ನೆನಪಾಯಿತು. ಏನೂ ನೋಡದೆ ಹೋಗುವುದಕ್ಕಿಂತ ಇಷ್ಟಾದರೂ ಆಗಲಿ ಎನ್ನಿಸಿತು. ಮೇಲಾಗಿ ನನ್ನ ಹತ್ತಿರ ಮೇಷ್ಟರ ನಾಲ್ಕು ಮನೆ ಇದ್ದವು. ಹತ್ತಿಯನ್ನು ಹೊಸೆದು ಹೊಸ್ತಿಲ ಮೇಲಿಟ್ಟೆ. ಚಿಕ್ಕಬಸಮ್ಮ ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಂಡರು. ಒದ್ದೆ ಹತ್ತಿ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು ಹೊಸೆದು, ನೀರು ಹಾಕಬೇಡಿ ಎಂದು ಬೇಡಿಕೊಂಡು ಇಟ್ಟೆ.

ಮಗಳು ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಕುಳಿತಳು. ತಾಯಿ ಅವಳ ಹಿಂದೆ, ಬಾಗಿಲ ಕಡೆ ಅರ್ಧ ತಿರುಗಿ ಕೂತರು. ನಾನು ಹೊಸ್ತಿಲ ಹೊರಗೆ. ಒಂದು ಬೆರಳು ತೋರಿಸಿದರೆ ಮುಟ್ಟಿ, ಮುಷ್ಟಿ ತೋರಿಸಿದರೆ ಮುಟ್ಟಬೇಡಿ ಎಂದು ಮೊದಲೇ ಹೇಳಿಕೊಟ್ಟಿದ್ದೆ.

ಬೆರಳು. ತಾಯಿಯ ಕೈ ಎದ್ದಿತು. "ಹ್ಞೂ."

ಬೆರಳು. "ಹ್ಞೂ."

ಮುಷ್ಟಿ. ತಾಯಿ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತರು. ಮಗಳು ಸುಮ್ಮನೆ. ಮತ್ತೆ ಮುಷ್ಟಿ. ಸುಮ್ಮನೆ. ಬೆರಳು. "ಹ್ಞೂ."

ಹನ್ನೆರಡು ಸಲ ಮುಟ್ಟಿದ್ದಕ್ಕೆ ಹನ್ನೆರಡು ಹ್ಞೂ. ಎಂಟು ಸಲ ಮುಟ್ಟದೆ ಇದ್ದಾಗ ಒಂದೂ ಇಲ್ಲ. ನನಗೆ ಹಿಗ್ಗಾಯಿತು. ಹುಡುಗಿ ಸುಳ್ಳು ಹೇಳುತ್ತಿಲ್ಲ ಎಂಬುದಕ್ಕೆ ಮುಷ್ಟಿಯ ಎಂಟು ಸಲವೇ ಸಾಕ್ಷಿ ಎಂದುಕೊಂಡೆ. ಅವಳು ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನಿಜವೇ ಆಗಿತ್ತು. 'ಸ್ಪರ್ಶಜ್ಞಾನ ಇದೆ, ಕುಷ್ಠ ಅಲ್ಲ' ಎಂದು ಚೀಟಿ ಬರೆದು, ತಾರೀಖು ಹಾಕಿ, ಸಹಿ ಮಾಡಿ ಹೊಸ್ತಿಲ ಮೇಲಿಟ್ಟೆ. ಚಿಕ್ಕಬಸಮ್ಮ ಒಂದು ಸೇರು ಅವರೆಕಾಯಿ ತಂದು ನನ್ನ ಚೀಲಕ್ಕೆ ಮೇಲಿನಿಂದ ಸುರಿದರು. "ಒಳ್ಳೇ ಮಾತ್ ಬರ್ದೆ ಕಣವ್ವ. ಚೆನ್ನಾಗಿರು" ಎಂದರು. ಆ ಅವರೆಕಾಯಿಯನ್ನು ನಾನು ತಿಂದೆ.

ಸೆಪ್ಟೆಂಬರು. ಚಾಮರಾಜನಗರ ಹೊಸ ಜಿಲ್ಲೆಯಾಗಿ ಆಗಷ್ಟೇ ತಿಂಗಳಾಗಿತ್ತು. ಆಫೀಸುಗಳ ಬೋರ್ಡಿನಲ್ಲಿ ಮೈಸೂರನ್ನು ಅಳಿಸಿ ಹೊಸ ಹೆಸರು ಬರೆಯುತ್ತಿದ್ದರು. ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಟೈಲರ್ ರಜಾಕ್ ನನ್ನನ್ನು ಹಿಡಿದರು. "ಅಕ್ಕಾ, ನಮ್ಮನೇವ್ಳು ಕರೀತಾವ್ಳೆ, ಜರೂರು." ಅವರ ಹೆಂಡತಿ ಚಾಂದ್ ಬಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ನಾನು ಒಳಗೆ ಹೋದಾಗ ಶಿವರಂಜಿನಿ ಮೂಲೆಯಲ್ಲಿ ಕೂತಿದ್ದಳು. ಬಲಗೈಗೆ ಒದ್ದೆ ಬಟ್ಟೆ ಸುತ್ತಿತ್ತು.

"ನೀನೇ ನೋಡು ರಾಚಮ್ಮ, ಈ ಲಡ್ಕೀದು ಕತೆ" ಎಂದರು ಚಾಂದ್ ಬಿ. "ಇಸ್ತ್ರಿ ಪೆಟ್ಗೆ ಮೇಲೆ ಕೈ ಇಟ್ಕೊಂಡವ್ಳೆ. ಸುಟ್ಟಿದ್ದು ವಾಸ್ನೆ ನಂಗೆ ಬಂತು. ಬಟ್ಟೆ ಸುಡ್ತಾ ಐತೆ ಅಂದ್ಕೊಂಡ್ರೆ ಇವ್ಳ್ದು ಬೆರಳು! ಇವ್ಳಿಗೆ ಖಬರೇ ಇಲ್ಲ. 'ಏನಾಯ್ತು ಆಂಟಿ' ಅಂತ ನನ್ನೇ ಕೇಳ್ತಾಳೆ. ಸೂಜಿ ಬೀಳಿಸ್ತಾಳೆ, ಕತ್ರಿ ಬೀಳಿಸ್ತಾಳೆ. ಪ್ರೀತಿ-ಗೀತಿ ಏನಾರ ಅಂದ್ಕೊಂಡು ನಾನು ಎರಡು ತಿಂಗಳು ಬೈದೆ."

ಬಟ್ಟೆ ಬಿಚ್ಚಿದೆ. ಕಿರುಬೆರಳು ಬೊಬ್ಬೆ ಎದ್ದಿತ್ತು. ಅದೂ, ಪಕ್ಕದ ಬೆರಳೂ ಒಳಗೆ ಬಾಗಿದ್ದವು. ನೇರ ಮಾಡು ಎಂದೆ. ಅವಳು ಬೆರಳನ್ನೇ ನೋಡುತ್ತಾ ಯತ್ನಿಸಿದಳು. ಬೇರೆ ಯಾರದೋ ಬೆರಳಿಗೆ ಹೇಳಿದಂತಿತ್ತು.

ಕಣ್ಣು ಮುಚ್ಚಿಸಿದೆ. ಈ ಸಲ ಹತ್ತಿಯನ್ನು ನಾನೇ ಹಿಡಿದೆ. ಮಚ್ಚೆ ಅಂಗೈಯಗಲ ಆಗಿತ್ತು. ಒಮ್ಮೆ ಮುಟ್ಟಿದೆ. ಎರಡು ಸಲ. ಐದು. ಒಂಬತ್ತು ಸಲ ಮುಟ್ಟಿದೆ.

"ಶುರು ಮಾಡಿ ಅಕ್ಕ" ಎಂದಳು ಶಿವರಂಜಿನಿ.

ಚಾಂದ್ ಬಿ ಬಾಯಿಗೆ ಸೆರಗು ಒತ್ತಿಕೊಂಡರು. ಹಾಗೆ ಕೈ ಎತ್ತಿದಾಗ ಅವರ ಗಾಜಿನ ಬಳೆಗಳು ಘಲ್ ಎಂದವು.

"ಹ್ಞೂ" ಎಂದಳು ಶಿವರಂಜಿನಿ.

ನನ್ನ ಕೈ ಅವಳಿಂದ ಗೇಣು ದೂರದಲ್ಲಿತ್ತು.

ಆ ನಡುಮನೆ ಮತ್ತೆ ಕಣ್ಣಿಗೆ ಕಟ್ಟಿತು. ಚಿಕ್ಕಬಸಮ್ಮನ ಕೈ ತುಂಬ ಹಸಿರು ಬಳೆ. ಬೆರಳು ತೋರಿಸಿದಾಗ ಕೈ ಎದ್ದಿತು, ಬಳೆ ಸದ್ದಾಯಿತು. ಮುಷ್ಟಿ ತೋರಿಸಿದಾಗ ಕೈ ಏಳಲಿಲ್ಲ, ಸದ್ದೂ ಇಲ್ಲ. ಹನ್ನೆರಡಕ್ಕೆ ಹನ್ನೆರಡು, ಎಂಟಕ್ಕೆ ಸೊನ್ನೆ. ನಾನು ಪರೀಕ್ಷೆ ಮಾಡಿದ್ದು ಹುಡುಗಿಯ ಕಿವಿಯನ್ನು.

"ಆವತ್ತು ನಿಂಗೆ ಅವ್ವ ಮುಟ್ಟಿದ್ದು ಗೊತ್ತಾಯ್ತಿತ್ತಾ?" ಎಂದು ಕೇಳಿದೆ.

"ಗೊತ್ತಾಯ್ತಿತ್ತು ಅಕ್ಕ. ನಿಜ್ವಾಗ್ಲೂ." ಅವಳು ಕಣ್ಣು ಬಿಟ್ಟಳು. "ಈಗ್ಲೂ ಒಂದ್ಸಲ ಗೊತ್ತಾಯ್ತಲ್ಲ?"

ಬಳೆಯ ಸದ್ದೇ ಅವಳ ಚರ್ಮದ ಮೇಲೆ ಬಂದು ಕೂತಿತ್ತು. ಮಗುವಾಗಿದ್ದಾಗಿನಿಂದ ಆ ಸದ್ದಿನ ಹಿಂದೆಯೇ ತಾಯಿಯ ಕೈ ಬಂದು ತಾಕಿದೆ. ತಲೆ ಬಾಚಿದಾಗ, ಮೈ ತೊಳೆದಾಗ, ಜ್ವರ ನೋಡಿದಾಗ. ಸದ್ದು ಬಂದರೆ ಕೈ ಬಂತು ಎಂದು ಅವಳ ಮೈ ನಂಬಿತ್ತು. ನಾನು ಹೊಸ್ತಿಲು ದಾಟಿ, ಬಳೆಯಿಲ್ಲದ ನನ್ನ ಬಲಗೈಯಿಂದ ಒಂದೇ ಒಂದು ಸಲ ಮುಟ್ಟಿದ್ದರೆ ಅವಳು ಸುಮ್ಮನಿರುತ್ತಿದ್ದಳು. ಆ ಒಂದು ಮೌನಕ್ಕೆ ಎರಡು ಬೆರಳು ಉಳಿಯುತ್ತಿದ್ದವು.

ಅವತ್ತೇ ಅವಳನ್ನು ಚಾಮರಾಜನಗರಕ್ಕೆ ಕರೆದೊಯ್ಯಬೇಕೆಂದೆ. "ಅಪ್ಪನ್ನ ಕೇಳ್ದೆ ಎಂಗೆ ಬರ್ಲಿ?" ಎಂದಳು. ಫೋನಿನಲ್ಲಿ ಡಾಕ್ಟರು ಹೇಳಿದ್ದು: ಆ ಎರಡು ಬೆರಳು ಕಷ್ಟ, ಉಳಿದ ಮೂರನ್ನು, ಆ ಕೈಯನ್ನು ಉಳಿಸಬೇಕೆಂದರೆ ಈ ವಾರವೇ ಮಾತ್ರೆ ಶುರುವಾಗಬೇಕು, ಅದಕ್ಕೆ ಮುಂಚೆ ತಾವೊಮ್ಮೆ ಅವಳನ್ನು ನೋಡಬೇಕು. ಮಹದೇವಯ್ಯನವರು ನನ್ನ ಚೀಟಿಯ ನಕಲು ತೆಗೆದು ನೋಡಿದರು. "ನೀನೇ ಇಲ್ಲ ಅಂತ ಬರ್ಕೊಟ್ಟಿದ್ದೀಯಲ್ಲವ್ವ. ಈಗ ಅದೆ ಅಂದ್ರೆ ಯಾರು ನಂಬ್ತಾರೆ? ಅವರಾಗೇ ಬಂದ್ರೆ ಡಾಕ್ಟ್ರು ನೋಡ್ತಾರೆ. ನಾವು ಎಳ್ಕೊಂಡ್ ಬರಕ್ಕಾಯ್ತದಾ?"

ಮಾರನೆಯ ಬೆಳಿಗ್ಗೆ ಅದೇ ಜಗಲಿಯ ಕೆಳಗೆ ನಿಂತೆ. ಬಾಗಿಲಿಗೆ ಹೊಸದಾಗಿ ಬಣ್ಣ ಬಳಿದಿದ್ದರು. ಲಗ್ನಪತ್ರಿಕೆಗೆ ದಿನ ಗೊತ್ತಾಗಿತ್ತು. ಮಲ್ಲಿಕಾರ್ಜುನಸ್ವಾಮಿ ಪೂರ್ತಿ ಕೇಳಿಸಿಕೊಂಡರು. ಒಳಗೆ ಹೋಗಿ ದೇವರ ಗೂಡಿನಿಂದ ನನ್ನ ಚೀಟಿ ತಂದರು. ವಿಭೂತಿ ಹತ್ತಿತ್ತು.

"ಇದು ಯಾರ್ ಸೈನು?"

"ನಂದೇ ಸಾರ್. ತಪ್ಪಾಗ್ಬುಟ್ಟದೆ."

"ಆಗ ತಪ್ಪಾಗಿತ್ತೋ, ಈಗ ತಪ್ಪಾಯ್ತಾ ಅದೋ? ಕುದೇರಲ್ಲೂ ಇಂಗೇ ಮಾಡ್ದಂತಲ್ಲ. ಅದೆ ಅಂದೆ, ಆಮೇಕೆ ಇಲ್ಲ ಅಂತಾಯ್ತು. ಇಲ್ಲಿ ಇಲ್ಲ ಅಂದೆ, ಈಗ ಅದೆ ಅಂತೀಯ. ಏನು, ನಿಮ್ಗೆ ತಿಂಗಳಿಗಿಷ್ಟು ಜನ ಬೇಕಾ?"

ನನ್ನ ಗೆರೆ ಆಗ ಒಂದು ಕಡೆ, ಈಗ ಒಂದು ಕಡೆ ಜಾರಿದೆ ಎನ್ನಲೆ? ಗೆರೆ ಜಾರಿಸಿದವರು ನೀವೇ ಎನ್ನಲೆ? "ಅವಳ ಬೆರಳು ನೋಡಿ ಸಾರ್" ಎಂದೆ.

"ಇಸ್ತ್ರಿ ಪೆಟ್ಗೆ ತಾಕ್ಬುಟ್ಟದೆ. ವಾಸಿಯಾಯ್ತದೆ."

ಚಿಕ್ಕಬಸಮ್ಮ ಬಾಗಿಲಿಗೆ ಬಂದರು. ಕಣ್ಣು ಊದಿದ್ದವು. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಾಗದಂತೆ ಹಿಡಿದುಕೊಂಡಿದ್ದರು. "ಇನ್ನೊಂದ್ಸಲ ನೋಡ್ಬುಡನ ಕಣ್ರಿ. ನಾನೇ ಮುಟ್ತೀನಿ" ಎಂದರು ಗಂಡನಿಗೆ.

"ಆಗ್ಲಿ ಕಣವ್ವಾ. ಆದ್ರೆ ಒಂದ್ ಗಳಿಗೆ ಬಳೆ ತೆಗ್ದಿಟ್ಟು ಮುಟ್ಟಿ" ಎಂದುಬಿಟ್ಟೆ.

ಎದುರು ಮನೆಯ ಮುದುಕಿ ಮೊರದಲ್ಲಿ ಕೇರುವುದನ್ನು ನಿಲ್ಲಿಸಿದಳು.

"ಏನಂದೆ? ನನ್ ಗಂಡ ಕಣ್ಮುಂದೆ ನಿಂತವ್ರೆ, ಬಳೆ ತೆಗಿ ಅಂತೀಯೇನಮ್ಮಿ? ನಿನ್ ಬಾಯಿಗೆ ಉಳ ಬೀಳ!"

ಬಳೆಗೆ ಒಂದು ಬಟ್ಟೆ ಸುತ್ತಿಕೊಳ್ಳಿ ಎನ್ನಬಹುದಿತ್ತು. ಅಷ್ಟೇ ಸಾಕಿತ್ತು. ಅದು ನನಗೆ ಹೊಳೆದದ್ದು ಆಮೇಲೆ, ಬಸ್ಸಿನಲ್ಲಿ.

ಮಲ್ಲಿಕಾರ್ಜುನಸ್ವಾಮಿ ನನ್ನ ಚೀಲವನ್ನು ಕೋಲಿನಿಂದ ಬೀದಿಗೆ ನೂಕಿದರು. ಮಾತ್ರೆಯ ಪಟ್ಟಿಗಳು ಮಣ್ಣಿಗೆ ಬಿದ್ದವು. ನಾನು ಕೂತು ಆರಿಸತೊಡಗಿದೆ. ಬಾಗಿಲು ಮುಚ್ಚಿತು. ಮುಚ್ಚಿದ ಬಾಗಿಲ ಹಿಂದಿನಿಂದ ಬಳೆಗಳು ಘಲ್ ಎಂದವು. ನನಗೆ ಕೇಳಿಸಲಿ ಎಂದೋ, ತಮಗೆ ಕೇಳಿಸಲಿ ಎಂದೋ, ತಾಯಿ ಪರೀಕ್ಷೆ ಶುರು ಮಾಡಿದ್ದರು.

ಉತ್ತರ ಬರಲಿಲ್ಲ. ಮತ್ತೆ ಬಳೆ. ಉತ್ತರ ಇಲ್ಲ. ಹಿಂದಿನ ದಿನ ನಾನೇ ಬಿಡಿಸಿ ಹೇಳಿದ್ದರಿಂದ ಶಿವರಂಜಿನಿಗೆ ಈಗ ಆ ಸದ್ದಿನ ಗುಟ್ಟು ಗೊತ್ತಿತ್ತು.

"ಹ್ಞೂ ಅನ್ನು ಕಣಮ್ಮಿ" ಎಂದಿತು ತಾಯಿಯ ದನಿ. ಬಳೆ. "ಅನ್ನು ನನ್ ಕಂದ. ಗೊತ್ತಾಯ್ತದೆ ನಿಂಗೆ. ಅನ್ನು."

"ಹ್ಞೂ."

"ಅಂಗೇ ಅನ್ನು." ಬಳೆ.

"ಹ್ಞೂ."

ನಾನು ಎಣಿಸಿದೆ. ಅಭ್ಯಾಸ. ಅಲ್ಲಿಂದ ಏಳು ಸಲ ಬಳೆ, ಏಳು ಹ್ಞೂ. ಆಮೇಲೆ ಬಳೆಯ ಸದ್ದು ನಿಂತಿತು. ತಾಯಿ ಬಿಕ್ಕುವುದು ಕೇಳಿಸಿತು. ಅವರ ಎರಡೂ ಕೈ ಮುಖದ ಮೇಲೆ ಇದ್ದಿರಬೇಕು. ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲ.

"ಹ್ಞೂ" ಎಂದಳು ಶಿವರಂಜಿನಿ ಒಳಗೆ. "ಹ್ಞೂ, ಅವ್ವಾ. ಅಳ್ಬ್ಯಾಡ. ಹ್ಞೂ. ಹ್ಞೂ."

ಮೇಷ್ಟರ ನಾಲ್ಕನೆಯ ಮನೆ. ಆವತ್ತು ಹೊಸ್ತಿಲಲ್ಲಿ ಸೊನ್ನೆ ಇದ್ದದ್ದು ಈಗ ತುಂಬುತ್ತಾ ಹೋಯಿತು. ರೋಗಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ನನ್ನ ಸಹಿಗೆ ಈಗ ಬೆಲೆ ಇಲ್ಲ. ಮಣ್ಣು ಹತ್ತಿದ ಆರು ತಿಂಗಳ ಮಾತ್ರೆಯನ್ನು ಸೆರಗಿನಲ್ಲಿ ಒರೆಸುತ್ತಾ, ಆ ಬಾಗಿಲ ಎದುರು, ನಾನು ಎಣಿಸುತ್ತಲೇ ಇದ್ದೆ.